ಸಣ್ಣ ಗೂಡು, ದೊಡ್ಡ ಜಾಣತನ

ಗೊಳಸಂಗಿಯಲ್ಲಿ ಒಂದು ಸಂಜೆ. ಓದುವ ಹೊತ್ತು. ನಾವೆಲ್ಲ ಕೂಡಿ ಕುಳಿತಿದ್ದೆವು. ಒಬ್ಬ ಅಕ್ಕ ಮಡಚಿಟ್ಟ ಹಾಳೆಯೊಂದನ್ನು ತೆಗೆದರು. ಅದು ಅವರ ಹೊಲದ ಉತಾರ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು.

“ಇಲ್ಲಿ ನಮ್ಮ ಮನೆಯವರ ಹೆಸರು ಐತಿ. ಅವರು ತೀರಿಕೊಂಡು ಎರಡು ವರ್ಷ ಆತು. ನನ್ನ ಹೆಸರು ಎಲ್ಲೂ ಇಲ್ಲಲ್ಲ!”

“ಹಂಗಾದ್ರ ವಾರಸಾ ಮಾಡಿಸಬೇಕು, ಯಕ್ಕಾ. ಚಲೋ ಆತು, ನೀವ ಓದಿ ತಿಳಕೊಂಡ್ರಿ.”

ಆಗ ಮೂಲೆಯಲ್ಲಿದ್ದ ತಂಗಿ ಒಂದು ಪ್ರಶ್ನೆ ಕೇಳಿದಳು. “ಈ ಉತಾರ ಕಂಪ್ಯೂಟರ್‌ನ್ಯಾಗಿಂದ ಬರ್ತದ. ಅದಕ್ಕ ಕನ್ನಡ ಯಾರು ಕಲಿಸಿದ್ರು?”

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕೋಣ ಬನ್ನಿ.

ಮನೆಗೆ ಬಂದ ಕಂಪ್ಯೂಟರ್

ಮೊದಲು ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. 1980ರ ಸುಮಾರಿಗೆ ಮನೆಯಲ್ಲಿ ಇಡುವಂಥ ಸಣ್ಣ ಕಂಪ್ಯೂಟರ್‌ಗಳು ಬಂದವು. ಅವನ್ನು ಟೀವಿಗೆ ಜೋಡಿಸುತ್ತಿದ್ದರು. ಹಾಡಿನ ಕ್ಯಾಸೆಟ್ಟಿನಂಥ ಕ್ಯಾಸೆಟ್ಟಿನಲ್ಲಿ ಕೆಲಸ ಉಳಿಸುತ್ತಿದ್ದರು.

ಕಂಪ್ಯೂಟರಿಗೆ ತಾನೇ ಏನೂ ತಿಳಿಯದು. ಏನು ಮಾಡಬೇಕೆಂದು ಸಾಲು ಸಾಲಾಗಿ ಬರೆದು ಕೊಡಬೇಕು. ಆ ಬರಹಕ್ಕೆ ಪ್ರೋಗ್ರಾಂ ಎನ್ನುತ್ತಾರೆ. ಅದನ್ನು ಇಡಲು ಯಂತ್ರದೊಳಗೆ ಜಾಗ ಬೇಕು. ಅದೇ ಅದರ ನೆನಪು. ಗೋಡೆಯಲ್ಲಿ ಸಾಲಾಗಿ ಗೂಡುಗಳಿವೆ ಎಂದು ತಿಳಿಯಿರಿ. ಒಂದು ಗೂಡಿನಲ್ಲಿ ಇಂಗ್ಲಿಷಿನ ಒಂದು ಅಕ್ಷರ ಹಿಡಿಯುತ್ತದೆ.

ಈಗಿನ ಫೋನಿನಲ್ಲಿ ಇಂಥ ಗೂಡುಗಳು ನೂರಾರು ಕೋಟಿ. ಆದರೆ 1981ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಝಡ್‌ಎಕ್ಸ್ 81 ಎಂಬ ಕಂಪ್ಯೂಟರಿನಲ್ಲಿ ಇದ್ದದ್ದು ಬರೀ 1,024 ಗೂಡು!

ಇಷ್ಟರಲ್ಲಿ ಏನು ಮಾಡಲು ಸಾಧ್ಯ? ಡೇವಿಡ್ ಹಾರ್ನ್ ಎಂಬುವರು ಅದರಲ್ಲಿ ಚದುರಂಗ ಆಡುವ ಪ್ರೋಗ್ರಾಂ ಬರೆದರು. ಅದಕ್ಕೆ ಹಿಡಿದದ್ದು 672 ಗೂಡು ಮಾತ್ರ. ಆಟದ ಕೆಲವು ನಿಯಮಗಳನ್ನು ಬಿಡಬೇಕಾಯಿತು. ಆದರೂ ಯಂತ್ರ ಮನುಷ್ಯನ ಎದುರು ಕಾಯಿ ನಡೆಸಿತು.

ರಂಗೋಲಿಯ ಗುಟ್ಟು

ಬಿಬಿಸಿ ಮೈಕ್ರೋ ಎಂಬುದು ಇನ್ನೊಂದು ಕಂಪ್ಯೂಟರ್. ಅದರಲ್ಲಿ ಸುಮಾರು 32 ಸಾವಿರ ಗೂಡುಗಳಿದ್ದವು. 1984-85ರಲ್ಲಿ ಭಾರತ ಸರ್ಕಾರ ನಮ್ಮ ದೇಶದ ಕೆಲವು ಶಾಲೆಗಳಿಗೂ ಇದನ್ನು ಕೊಟ್ಟಿತ್ತು.

1984ರಲ್ಲಿ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದಕ್ಕಾಗಿ ಒಂದು ಆಟ ಮಾಡಿದರು. ಹೆಸರು ಎಲೀಟ್. ಆಡುವವರು ಆಕಾಶದಲ್ಲಿ ಲೋಕದಿಂದ ಲೋಕಕ್ಕೆ ಹೋಗಿ ವ್ಯಾಪಾರ ಮಾಡಬೇಕು. ಅದರಲ್ಲಿ 8 ನಕ್ಷತ್ರಪುಂಜಗಳು. ಒಂದೊಂದರಲ್ಲಿ 256 ಲೋಕಗಳು. ಒಟ್ಟು 2,048.

ಇಷ್ಟೊಂದು ಲೋಕಗಳ ಹೆಸರು, ಜಾಗ, ಸಂಗತಿ ಬರೆದಿಡಲು ಆ ಗೂಡುಗಳು ಸಾಲುವುದಿಲ್ಲ. ಹಾಗಾದರೆ ಅವರೇನು ಮಾಡಿದರು?

ರಂಗೋಲಿ ನೆನಪಿಸಿಕೊಳ್ಳಿ. ನಾವು ರಂಗೋಲಿಯ ಚಿತ್ರವನ್ನು ಕೈಯಲ್ಲಿ ಹಿಡಿದು ತಿರುಗುವುದಿಲ್ಲ. “ಏಳು ಚುಕ್ಕಿ, ನಾಲ್ಕರ ತನಕ” ಎಂದರೆ ಸಾಕು. ಚುಕ್ಕಿಯ ಲೆಕ್ಕ ಗೊತ್ತು, ಗೆರೆ ಎಳೆಯುವ ರೀತಿ ಗೊತ್ತು. ಅಂಗಳದ ತುಂಬ ರಂಗೋಲಿ ಅರಳುತ್ತದೆ.

ಆ ಹುಡುಗರು ಮಾಡಿದ್ದೂ ಇದನ್ನೇ. ಕೆಲವೇ ಅಂಕಿಗಳನ್ನು ಇಟ್ಟರು. ಅವುಗಳಿಂದ ಮುಂದಿನ ಲೆಕ್ಕ ಮಾಡುವ ನಿಯಮ ಬರೆದರು. ಬೇಕಾದಾಗ ಯಂತ್ರವೇ ಲೆಕ್ಕ ಹಾಕಿ ಲೋಕಗಳನ್ನು ಹುಟ್ಟಿಸಿತು.

ಎಲ್ಲವನ್ನೂ ಕೂಡಿಡಬೇಕಿಲ್ಲ, ನಿಯಮ ಗೊತ್ತಿದ್ದರೆ ಸಾಕು. ಇದೇ ಗುಟ್ಟು.

ಕನ್ನಡದ ಸರದಿ

ಆ ಕಂಪ್ಯೂಟರ್‌ಗಳು ಇಂಗ್ಲಿಷಿಗೆಂದು ಮಾಡಿದವು. ಇಂಗ್ಲಿಷಿಗೆ ಅಕ್ಷರ 26. ನಮ್ಮ ಲೆಕ್ಕ ನೋಡಿ. ವ್ಯಂಜನ 34. ಒಂದೊಂದಕ್ಕೂ ಕಾಗುಣಿತ 15. ಅಲ್ಲಿಗೇ 510 ರೂಪಗಳಾದವು. ಒತ್ತಕ್ಷರ ಸೇರಿಸುತ್ತ ಹೋದರೆ ಸಾವಿರಾರು. ಅಷ್ಟು ಕೀಲಿ ಯಾವ ಯಂತ್ರದಲ್ಲಿ ಹಿಡಿದಾವು?

ಮಂಗಳೂರಿನ ಹತ್ತಿರದ ಕಿನ್ನಿಕಂಬಳ ಊರಿನವರಾದ ಕೆ. ಪಿ. ರಾವ್ ಇದಕ್ಕೆ ದಾರಿ ತೋರಿಸಿದರು. ದಾರಿ ನಮ್ಮ ಕಾಗುಣಿತದಲ್ಲೇ ಇತ್ತು. ಕ ಇಳಿ ಕಾ. ಕ ಗುಡಿಸು ಕಿ. ಕ ಕೊಂಬು ಕು. ನಾವು 510 ರೂಪ ಬಾಯಿಪಾಠ ಮಾಡಿದೆವೇನು? ಇಲ್ಲ. ಮೂಲ ಅಕ್ಷರ ಕಲಿತೆವು, ಕೂಡಿಸುವ ರೀತಿ ಕಲಿತೆವು. ಯಂತ್ರಕ್ಕೂ ಹಾಗೇ ಕಲಿಸಿದರಾಯಿತು.

‘ಕ’ ಕೀಲಿ ಒತ್ತಿ ‘ಇ’ ಕೀಲಿ ಒತ್ತಿದರೆ ಪ್ರೋಗ್ರಾಂ ತಾನೇ ‘ಕಿ’ ಮಾಡುತ್ತದೆ. ‘ತಾಯಿ’ ಬರೆಯಲು ನಾಲ್ಕು ಕೀಲಿ: ತ, ಆ, ಯ, ಇ. ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿಯ ಕೀಲಿ. ಇಂಗ್ಲಿಷಿನ ಅದೇ ಕೀಲಿಮಣೆ ಕನ್ನಡಕ್ಕೆ ಸಾಕಾಯಿತು.

ರಾವ್ ಅವರು ‘ಸೇಡಿಯಾಪು’ ಎಂಬ ಕನ್ನಡ ಬರೆಯುವ ಪ್ರೋಗ್ರಾಂ ಮಾಡಿದರು. ಅದನ್ನು ದುಡ್ಡಿಲ್ಲದೆ ಹಂಚಿದರು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದಕ್ಕೆ. ಮುಂದೆ ಕರ್ನಾಟಕ ಸರ್ಕಾರವೂ ಅವರ ಕೀಲಿಮಣೆಯ ಕ್ರಮವನ್ನೇ ಒಪ್ಪಿಕೊಂಡಿತು. ಕಚೇರಿಗಳಲ್ಲಿ ಬಳಸುವ ‘ನುಡಿ’ ಪ್ರೋಗ್ರಾಮಿನಲ್ಲಿಯೂ ಅದೇ ಕ್ರಮವಿದೆ.

2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ಕೈಯಲ್ಲಿ ಬರೆಯುತ್ತಿದ್ದ ಉತಾರ ಕಂಪ್ಯೂಟರಿಗೆ ಹೋಯಿತು. ಅದು ಹೊರಗೆ ಬಂದದ್ದು ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಬಂದಿದ್ದರೆ? ನಮ್ಮ ಅಕ್ಕ ಅದನ್ನು ಓದಿಸಲು ಇನ್ನೊಬ್ಬರ ಬಾಗಿಲಿಗೆ ಹೋಗಬೇಕಿತ್ತು. ಓದಿದವರು ಹೇಳಿದ್ದೇ ಖರೆ ಎಂದು ನಂಬಬೇಕಿತ್ತು.

ಮರುದಿನ ಅಕ್ಕ ಗಂಡನ ಮರಣದ ದಾಖಲೆ, ವಂಶಾವಳಿ ಜೋಡಿಸಲು ಹೊರಟರು. ವಾರಸಾ ಅರ್ಜಿಗೆ ತಮ್ಮ ಕೈಯಿಂದಲೇ ಸಹಿ ಹಾಕುವೆ ಎಂದರು.

ನೀವೇ ಮಾಡಿ ನೋಡಿ

1. ‘ಅಕ್ಕ’ ಬರೆಯಲು ನಾಲ್ಕು ಕೀಲಿ ಬೇಕು: ಅ, ಕ, ಕೊಂಡಿ, ಕ. ನಿಮ್ಮ ಹೆಸರಿಗೆ ಎಷ್ಟು ಕೀಲಿ ಬೇಕು? ಎಣಿಸಿ ಬರೆಯಿರಿ.

2. ‘ಮ’ ಅಕ್ಷರದ ಕಾಗುಣಿತ ಬರೆಯಿರಿ. 15 ಆದವೇ?

3. ನಿಯಮ ಗೊತ್ತಿದ್ದರಿಂದ ನೆನಪಿಡುವ ಕಷ್ಟ ತಪ್ಪಿದ ಕೆಲಸ ನಿಮ್ಮ ಮನೆಯಲ್ಲಿ ಯಾವುದು? ಕೂಡಿ ಮಾತಾಡಿ.

4. ನಿಮ್ಮ ಮನೆಯ ಉತಾರ ತಂದು ಓದಿರಿ. ಅದರಲ್ಲಿ ಯಾರ ಹೆಸರಿದೆ?