ಬೆಟ್ಟದ ತೋಟದ ಬೆಳೆ ಗುರುತಿಸಲು ಡ್ರೋನ್ ಚಿತ್ರ

ಬಯಲುಸೀಮೆಯ ಹೊಲವನ್ನು ಮೇಲಿನಿಂದ ಚಿತ್ರ ತೆಗೆದರೆ ರಾಗಿ, ತೊಗರಿ ಬೇರೆಬೇರೆಯಾಗಿ ತೋರುತ್ತವೆ. ಕೊಡಗು, ಚಿಕ್ಕಮಗಳೂರಿನ ಇಳಿಜಾರು ತೋಟಗಳಲ್ಲಿ ಹಾಗಲ್ಲ. ಮೇಲಿಂದ ಕಾಣುವುದು ಸಿಲ್ವರ್ ಓಕ್, ಹಾಲುವಾಣ. ಕಾಫಿ ಅವುಗಳ ಅಡಿಯಲ್ಲಿದೆ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ. ಅಷ್ಟರಲ್ಲಿ ಮರ, ಗಿಡ, ಗದ್ದೆಯ ಅಂಚು ಎಲ್ಲವೂ ಬೆರೆತುಹೋಗುತ್ತವೆ. ಡ್ರೋನ್ ಚಿತ್ರದಲ್ಲಿಯಾದರೆ ಒಂದು ಚುಕ್ಕೆ ಕೆಲವೇ ಸೆಂಟಿಮೀಟರು.

ಈ ಚಿತ್ರಗಳಿಂದ ಬೆಳೆ ಗುರುತಿಸುವ ಗಣಕಯಂತ್ರದ ವಿಧಾನಕ್ಕೆ ಡೀಪ್ ಲರ್ನಿಂಗ್ ಎನ್ನುತ್ತಾರೆ. ‘ಇದು ಕಾಫಿ, ಇದು ಏಲಕ್ಕಿ’ ಎಂದು ಗುರುತು ಹಾಕಿದ ಬಹಳಷ್ಟು ಚಿತ್ರಗಳನ್ನು ಮೊದಲು ಅದಕ್ಕೆ ತೋರಿಸಬೇಕು. ಬಯಲಿನ ಚಿತ್ರಗಳಲ್ಲಷ್ಟೇ ಪಳಗಿದ ಯಂತ್ರ ನಿಮ್ಮ ತೋಟವನ್ನು ಕಾಡೆಂದೇ ಬರೆದೀತು! ಪಹಣಿಯಲ್ಲಿ ಬೆಳೆ ತಪ್ಪಾಗಿ ಸೇರಿದರೆ ಪರಿಹಾರ ಕೇಳುವಾಗ ತೊಡಕಾಗುತ್ತದೆ.

ಆದುದರಿಂದ ನಿಮ್ಮಲ್ಲಿ ಡ್ರೋನ್ ಹಾರಿಸುವವರಿಗೆ ನೆರಳುಮರಗಳ ಕೊಂಬೆ ಸವರಿದ ಮೇಲೆ, ಇಲ್ಲವೆ ಹೂಮಳೆಯಾಗಿ ಕಾಫಿ ಬೆಳ್ಳಗೆ ಅರಳಿದ ಆ ನಾಲ್ಕಾರು ದಿನಗಳಲ್ಲಿ ಬರಲು ತಿಳಿಸಿ. ನಡುಹಗಲು ಉತ್ತಮ, ಗುಡ್ಡದ ನೆರಳು ಕಡಿಮೆ. ಇಳಿಜಾರಿನೊಡನೆ ಏರಿಳಿಯುತ್ತ ನೆಲದಿಂದ ಒಂದೇ ಎತ್ತರದಲ್ಲಿ ಹಾರಬೇಕು. ಇಲ್ಲವಾದರೆ ದಿಣ್ಣೆಯ ಗಿಡ ದೊಡ್ಡದಾಗಿಯೂ ಕಣಿವೆಯ ಗಿಡ ಚಿಕ್ಕದಾಗಿಯೂ ಬೀಳುತ್ತದೆ. ಮರದ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮಾತ್ರ ಮೇಲಿನ ಕ್ಯಾಮೆರಾಕ್ಕೆ ಸರಿಯಾಗಿ ಸಿಗದು. ಅದನ್ನು ನೀವೇ ತೋಟದೊಳಗೆ ನಡೆದು ನಕ್ಷೆಯಲ್ಲಿ ಗುರುತಿಸಿಕೊಡಬೇಕು.