ಗುಂಡಿ ಒತ್ತುವ ಮುನ್ನ ಒಮ್ಮೆ ಓದಿಸಿ

ಮಗನಿಗೋ ಮಗಳಿಗೋ 18 ತುಂಬಿದೆ, ಪ್ಯಾನ್ ಕಾರ್ಡ್ ಬಂದಿದೆ, ಫೋನಿನಲ್ಲೇ ಡಿಮ್ಯಾಟ್ ಖಾತೆಯೂ ಆಗಿದೆ. ಯಾವ ಷೇರು ಕೊಂಡು ಕೈ ಸುಟ್ಟುಕೊಳ್ಳುತ್ತಾರೋ ಎಂಬ ಆತಂಕ ಹೆತ್ತವರಿಗೆ ಸಹಜ. ಆದರೆ ಒಳ್ಳೆಯ ಕಂಪನಿಯನ್ನೇ ಆರಿಸಿಯೂ ದುಡ್ಡು ಕಳೆದುಕೊಳ್ಳಬಹುದು. ಆರ್ಡರ್ ಹಾಕುವ ಆ ಒಂದು ಪರದೆ ಅದಕ್ಕೆ ಸಾಕು. ಷೇರುಗಳ ಬಗ್ಗೆ ನಿಮಗೆ ಹೆಚ್ಚು ಗೊತ್ತಿಲ್ಲದಿದ್ದರೂ ಇಲ್ಲಿ ನೀವು ನೆರವಾಗಬಲ್ಲಿರಿ. ಬೇಕಿರುವುದು ನಿಧಾನ, ಅದು ಅವರಿಗಿಂತ ನಿಮ್ಮಲ್ಲೇ ಜಾಸ್ತಿ.

ಹೊಸಬರು ಮಾತ್ರ ಎಡವುತ್ತಾರೆ ಎಂದುಕೊಳ್ಳಬೇಡಿ. 2005ರ ಡಿಸೆಂಬರ್ 8ರಂದು ಟೋಕಿಯೊ ಷೇರುಪೇಟೆಯಲ್ಲಿ ಮಿಜುಹೊ ಸೆಕ್ಯುರಿಟೀಸ್ ಸಂಸ್ಥೆಯವರು ಜೆ-ಕಾಮ್ ಕಂಪನಿಯ 1 ಷೇರನ್ನು 6,10,000 ಯೆನ್‌ಗೆ ಮಾರಬೇಕಿತ್ತು. ಹಾಕಿದ್ದು ಮಾತ್ರ 6,10,000 ಷೇರು, ತಲಾ 1 ಯೆನ್! ಆ ಕಂಪನಿಯ ಒಟ್ಟು ಷೇರುಗಳೇ 14,500. ಪರದೆಯಲ್ಲಿ ಎಚ್ಚರಿಕೆ ಮೂಡಿತ್ತು, ಅದನ್ನು ದಾಟಿ ಮುಂದೆ ಹೋಗಿದ್ದರು. ರದ್ದು ಮಾಡಲು ನೋಡಿದರೆ ವಿನಿಮಯ ಕೇಂದ್ರದ ಕಂಪ್ಯೂಟರ್ ಕೇಳಲಿಲ್ಲ. ನಷ್ಟ ಸುಮಾರು 4,000 ಕೋಟಿ ಯೆನ್. ಎಚ್ಚರಿಕೆ ಬಂದಾಗ ಓದದೆ 'ಓಕೆ' ಒತ್ತುವ ಚಟ ನಮ್ಮೆಲ್ಲರಿಗೂ ಇದೆ. ಎಳೆಯ ಬೆರಳುಗಳಿಗೆ ತುಸು ಹೆಚ್ಚು.

ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಮಾರ್ಕೆಟ್ ಆರ್ಡರ್‌ನಲ್ಲಿ. 'ಬೆಲೆ ಎಷ್ಟಾದರೂ ಸರಿ, ಈಗಲೇ ಬೇಕು' ಎಂದು ಹೇಳಿದಂತೆ ಅದು. ದೊಡ್ಡ ಕಂಪನಿಗಳ ಷೇರಾದರೆ ಸಾಮಾನ್ಯವಾಗಿ ವ್ಯತ್ಯಾಸ ಪೈಸೆಗಳಲ್ಲಿ ಮುಗಿಯುತ್ತದೆ. ವಹಿವಾಟು ಕಡಿಮೆ ಇರುವ ಸಣ್ಣ ಕಂಪನಿಯದಾದರೆ ಕಥೆ ಬೇರೆ. ಪರದೆಯಲ್ಲಿ 42 ರೂಪಾಯಿ ಕಾಣುತ್ತಿದೆ, 400 ಷೇರು ಬೇಕು ಎಂದಿಟ್ಟುಕೊಳ್ಳಿ. ಆದರೆ 42ಕ್ಕೆ ಮಾರಲು ಸಿದ್ಧವಿರುವುದು 50 ಷೇರು, 43.50ಕ್ಕೆ 100, ಮಿಕ್ಕ 250 ಸಿಗುವುದು 47ಕ್ಕೆ. ಮಾರ್ಕೆಟ್ ಆರ್ಡರ್ ಇವನ್ನೆಲ್ಲ ಒಂದೇ ಕ್ಷಣದಲ್ಲಿ ಗುಡಿಸಿಕೊಳ್ಳುತ್ತದೆ. 16,800 ರೂಪಾಯಿ ಅಂದುಕೊಂಡದ್ದು 18,200 ಆಗುತ್ತದೆ. 'ಇದಕ್ಕಿಂತ ಹೆಚ್ಚು ಕೊಡೆ' ಎಂದು ಬೆಲೆ ಗೊತ್ತುಮಾಡುವ ಲಿಮಿಟ್ ಆರ್ಡರ್‌ನಲ್ಲಿ 42.50 ಎಂದು ಬರೆದಿದ್ದರೆ 50 ಷೇರು ಸಿಕ್ಕು ಉಳಿದದ್ದು ಕಾಯುತ್ತಿತ್ತು. ಕಾದರೆ ಕಳೆದುಕೊಳ್ಳುವುದೇನು? ರಾತ್ರಿ ಹಾಕಿಟ್ಟ ಮಾರ್ಕೆಟ್ ಆರ್ಡರ್ ಇನ್ನೂ ಅಪಾಯಕಾರಿ. ಬೆಳಿಗ್ಗೆ ಪೇಟೆ ಯಾವ ಬೆಲೆಗೆ ತೆರೆಯುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಮೊದಲ ವರ್ಷ ಕೊಳ್ಳುವಾಗ ಮಕ್ಕಳು ಲಿಮಿಟ್ ಆರ್ಡರ್ ಬಿಟ್ಟು ಬೇರೆಯದನ್ನು ಮುಟ್ಟದಿರುವುದೇ ಮೇಲು.

ಷೇರನ್ನು ಖಾತೆಯಲ್ಲಿ ಇಟ್ಟುಕೊಳ್ಳುವ ಡೆಲಿವರಿಯೋ, ಅದೇ ದಿನ ಕೊಂಡು ಮಾರುವ ಇಂಟ್ರಾಡೇಯೋ ಎಂಬುದು ಅಲ್ಲೇ ಇರುವ ಇನ್ನೊಂದು ಪುಟ್ಟ ಆಯ್ಕೆ. ವರ್ಷಗಟ್ಟಲೆ ಇಟ್ಟುಕೊಳ್ಳಲೆಂದು ಕೊಂಡ ಷೇರು ಕೈತಪ್ಪಿ ಇಂಟ್ರಾಡೇಯಲ್ಲಿ ಬಿದ್ದರೆ, ಪೇಟೆ ಮುಚ್ಚುವ 3:30ಕ್ಕೆ ಮೊದಲೇ ಬ್ರೋಕರ್ ವ್ಯವಸ್ಥೆ ಅದನ್ನು ತಾನಾಗಿ ಮಾರಿಬಿಡುತ್ತದೆ, ನಷ್ಟವಾಗಿದ್ದರೂ ಸರಿ. ಕೆಲವು ಬ್ರೋಕರ್‌ಗಳು ಅದಕ್ಕೆ ಪ್ರತ್ಯೇಕ ಶುಲ್ಕವನ್ನೂ ಹಾಕುತ್ತಾರೆ. ಸಾಲದ್ದಕ್ಕೆ, ಇಂಟ್ರಾಡೇಯಲ್ಲಿ 10,000 ರೂಪಾಯಿ ಇಟ್ಟುಕೊಂಡು 50,000 ರೂಪಾಯಿಯವರೆಗಿನ ಷೇರು ಕೊಳ್ಳುವ ಅವಕಾಶವಿರುವುದರಿಂದ, ಸೊನ್ನೆ ಒಂದು ಹೆಚ್ಚು ಬಿದ್ದರೂ 'ಹಣ ಸಾಲದು' ಎಂಬ ತಡೆ ಬಾರದೇ ಹೋಗಬಹುದು.

ಸ್ಟಾಪ್‌ಲಾಸ್ ವಿಷಯದಲ್ಲಿ ಓದಿದವರೂ ತಪ್ಪುತ್ತಾರೆ. 200ಕ್ಕೆ ಕೊಂಡ ಷೇರು 190ಕ್ಕೆ ಇಳಿದರೆ ಮಾತ್ರ ಮಾರಬೇಕು ಎಂಬುದು ಉದ್ದೇಶ. ಅದನ್ನು ಸಾದಾ ಲಿಮಿಟ್ ಆರ್ಡರ್‌ನಲ್ಲಿ 190 ಎಂದು ಬರೆದರೆ, ಪೇಟೆಯಲ್ಲಿ 200 ನಡೆಯುತ್ತಿರುವಾಗಲೇ ಷೇರು ಮಾರಾಟವಾಗಿ ಹೋಗುತ್ತದೆ. 190 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾರು ಎಂದೇ ಆ ಆರ್ಡರ್‌ಗೆ ಅರ್ಥ. ಸ್ಟಾಪ್‌ಲಾಸ್ ಆರ್ಡರ್ ಆರಿಸಿ, ಟ್ರಿಗರ್ ಬೆಲೆಯ ಜಾಗದಲ್ಲಿ 190 ಬರೆಯಬೇಕು.

ಉಳಿದವು ಸಣ್ಣವು. ನೆಟ್ ನಿಧಾನವಾದಾಗ ಎರಡನೇ ಸಲ ಒತ್ತುವ ಮೊದಲು, ಹಾಕಿದ ಆರ್ಡರ್‌ಗಳ ಪಟ್ಟಿಯಾದ ಆರ್ಡರ್ ಬುಕ್ ನೋಡಲಿ. ಹೆಸರನ್ನು ಪೂರ್ತಿ ಓದಲಿ: 2021ರ ಏಪ್ರಿಲ್‌ನಲ್ಲಿ ಆಮ್ಲಜನಕದ ಹಾಹಾಕಾರವಿದ್ದಾಗ ಬಾಂಬೆ ಆಕ್ಸಿಜನ್ ಇನ್ವೆಸ್ಟ್‌ಮೆಂಟ್ಸ್ ಷೇರಿಗೆ ಜನ ಮುಗಿಬಿದ್ದರು, ಆ ಕಂಪನಿ ಅನಿಲ ತಯಾರಿಕೆಯನ್ನು 2019ರಲ್ಲೇ ನಿಲ್ಲಿಸಿತ್ತು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬೇಡವೇ ಬೇಡ. ಅಲ್ಲಿ ಲೆಕ್ಕ ಬಿಡಿ ಷೇರಿನದಲ್ಲ, ಹಲವು ಷೇರುಗಳ ಕಟ್ಟಾದ ಲಾಟ್‌ನದು. ತಪ್ಪಿಲ್ಲದೆ ಆರ್ಡರ್ ಹಾಕಿದವರ ಗತಿಯೂ ಅಷ್ಟಕ್ಕಷ್ಟೆ: 2024ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಆ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿಗೆ ನಷ್ಟವಾಗಿದೆ.

ಮನೆಯಲ್ಲಿ ಒಂದು ರೂಢಿ ಮಾಡಿಸಿ. ಕೊಳ್ಳುವುದೋ ಮಾರುವುದೋ, ಯಾವ ಕಂಪನಿ, ಎಷ್ಟು ಷೇರು, ಎಷ್ಟು ಬೆಲೆ, ಡೆಲಿವರಿಯೋ ಅಲ್ಲವೋ, ಒಟ್ಟು ಎಷ್ಟು ರೂಪಾಯಿ ಎಂಬುದನ್ನು ಗುಂಡಿ ಒತ್ತುವ ಮುನ್ನ ಬಾಯಿಬಿಟ್ಟು ಓದಲಿ. ಒಟ್ಟು ಮೊತ್ತ ಓದುವಾಗಲೇ ಹೆಚ್ಚಿನ ತಪ್ಪುಗಳು ಸಿಕ್ಕಿಬೀಳುತ್ತವೆ. ಹೊಸ ಆ್ಯಪ್‌ನಲ್ಲಿ ಮೊದಲ ಆರ್ಡರ್ ಒಂದೇ ಷೇರಿನದಾಗಿರಲಿ.

ಇಷ್ಟಾಗಿಯೂ ತಪ್ಪಾದರೆ, ಬಾಕಿ ಉಳಿದಿರುವ ಆರ್ಡರನ್ನು ತಕ್ಷಣ ರದ್ದು ಮಾಡಬಹುದು. ನಡೆದುಹೋದ ವ್ಯವಹಾರವನ್ನು 'ಬೆರಳು ತಪ್ಪಿತು' ಎಂದು ಹೇಳಿ ಹಿಂದಕ್ಕೆ ಪಡೆಯಲಾಗದು. ಬೇಡದ ಷೇರಾದರೆ ಸಣ್ಣ ನಷ್ಟಕ್ಕೆ ಮಾರಿ ಹೊರಬರುವುದೇ ಜಾಣತನ. ಹೋದದ್ದನ್ನು ಅದೇ ದಿನ ದುಡಿದು ತರುತ್ತೇನೆಂದು ಹೊರಟರೆ ನಷ್ಟ ಬೆಳೆಯುತ್ತದೆ. ನಿಮ್ಮ ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಮಕ್ಕಳೇ ಹೆಚ್ಚಾಗಿ ಹಾಗೆ ಹೊರಡುವುದು. ಆದ್ದರಿಂದ ಅವತ್ತು ಬೈಯಬೇಡಿ, ಆ ದಿನದ ವಹಿವಾಟಿನ ವಿವರವಿರುವ ಕಾಂಟ್ರ್ಯಾಕ್ಟ್ ನೋಟನ್ನು ಅವರ ಜೊತೆಗೆ ಕೂತು ಓದಿ. ಹಾಗೆಯೇ, ಪ್ರೀತಿಯಿಂದ ಕೇಳಿದರೂ ನಿಮ್ಮ ಖಾತೆಯ ಪಾಸ್‌ವರ್ಡ್, ಒಟಿಪಿ ಅವರಿಗೆ ಕೊಡಬೇಡಿ. ನಿಮ್ಮ ಖಾತೆಯಲ್ಲಿ ಯಾರೇ ಒತ್ತಿದರೂ ಆ ಆರ್ಡರ್ ನಿಮ್ಮದೇ.