ಗಣಕಯಂತ್ರದೊಳಗೆ ಬೇರೆ ಬೇರೆ ಕಪಾಟುಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ತಂತ್ರಾಂಶ ರಚನೆಯನ್ನೇ ವೃತ್ತಿಯಾಗಿ ಕೈಗೊಂಡವರಿಗೆ ಈ ಪಾಠ ಹೊಸದೇನಲ್ಲ. ಮನೆಗೊಂದೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದೆ ಪೈಥಾನ್ ಭಾಷೆಯನ್ನು ಕಲಿಯುತ್ತಿರುವ ನಮ್ಮ ಬೆಟ್ಟದ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

2018ರಲ್ಲಿ ತಮಿಳುನಾಡು ಸರ್ಕಾರವು 1, 6, 9 ಮತ್ತು 11ನೆಯ ತರಗತಿಗಳಿಗೆ ಹೊಸ ಪಠ್ಯಕ್ರಮವನ್ನು ತಂದಿತು. ಹಿಂದಿನ ವರ್ಷ ಅಣ್ಣ ಓದಿದ ಆರನೆಯ ತರಗತಿಯ ವಿಜ್ಞಾನ ಪುಸ್ತಕ ತಂಗಿಗೆ ಉಪಯೋಗಕ್ಕೆ ಬಾರದಾಯಿತು. ಪುಸ್ತಕದ ಹೆಸರು ಅದೇ, ಒಳಗಿನ ಪಾಠ ಬೇರೆ.

ಪೈಥಾನ್‌ನಲ್ಲಿ ಪ್ಯಾಕೇಜುಗಳೆಂಬ ಸಿದ್ಧ ಭಾಗಗಳ ಪಾಡೂ ಇದೇ. ಲೆಕ್ಕಾಚಾರಕ್ಕೆ ಬಳಸುವ ನಂಪೈ ಎಂಬ ಪ್ಯಾಕೇಜಿನ 2.0 ಆವೃತ್ತಿ 2024ರ ಜೂನ್‌ನಲ್ಲಿ ಬಂದಾಗ, ಹಳೆಯದನ್ನು ನಂಬಿದ್ದ ಹಲವು ತಂತ್ರಾಂಶಗಳು ನಿಂತುಹೋದವು. ಕಪಾಟಿನಲ್ಲಿ ಒಂದು ಹೆಸರಿನ ಒಂದೇ ಆವೃತ್ತಿಗೆ ಸ್ಥಳ; ಹೊಸದು ಬಂದೊಡನೆ ಹಳೆಯದು ಹೊರಗೆ. ಹೊಸ ಅಭ್ಯಾಸಕ್ಕೆಂದು ನಿನ್ನೆ ಹಾಕಿದ ಪ್ಯಾಕೇಜು, ಕಾಲೇಜಿಗೆ ಒಪ್ಪಿಸಬೇಕಾದ ಪ್ರಾಜೆಕ್ಟನ್ನು ಇಂದು ಕೆಡಿಸುತ್ತದೆ. ಹುಡುಗನಾದರೋ ತನ್ನ ಬುದ್ಧಿಯೇ ಸಾಲದೆಂದು ಕೈಚೆಲ್ಲುತ್ತಾನೆ. ಇದು ಬುದ್ಧಿಯ ದೋಷವಲ್ಲ, ಕಪಾಟಿನ ದೋಷ.

ಪರಿಹಾರಕ್ಕೆ ಕಾಸು ಬೇಕಿಲ್ಲ. 2012ರಲ್ಲಿ ಬಂದ ಪೈಥಾನ್ 3.3ರಿಂದ ‘ವೆನ್‌ವ್’ ಎಂಬ ಸಾಧನ ಆ ಭಾಷೆಯೊಡನೆಯೇ ದೊರೆಯುತ್ತದೆ. ಪ್ರತಿಯೊಂದು ಕೆಲಸಕ್ಕೂ ಒಂದು ಫೋಲ್ಡರ್ ಮಾಡಿ, ಅದರೊಳಗೆ ವೆನ್‌ವ್‌ನಿಂದ ಪ್ರತ್ಯೇಕ ಕಪಾಟೊಂದನ್ನು ನಿರ್ಮಿಸಬೇಕು. ಬಳಿಕ ಅದನ್ನು ‘ಆಕ್ಟಿವೇಟ್’ ಮಾಡಬೇಕು. ಬಹುಮಂದಿ ಮರೆಯುವ ಹೆಜ್ಜೆ ಇದೇ. ಟರ್ಮಿನಲ್‌ನ ಸಾಲಿನ ಆರಂಭದಲ್ಲಿ ಆವರಣದೊಳಗೆ ಕಪಾಟಿನ ಹೆಸರು ಕಂಡರೆ ಕೆಲಸ ಆಯಿತೆಂದು ತಿಳಿಯಿರಿ. ಆಮೇಲೆ ‘ಪಿಪ್’ ತಂದದ್ದೆಲ್ಲ ಅಲ್ಲಿಯೇ ಕೂರುತ್ತದೆ. ಪಕ್ಕದ ಕೆಲಸಕ್ಕೆ ಸೋಂಕದು.

ಈ ಕಪಾಟನ್ನೇ ಪೆನ್‌ಡ್ರೈವ್‌ಗೆ ನಕಲು ಮಾಡಿ ಗೆಳೆಯನಿಗೆ ಕೊಡುವುದು ವ್ಯರ್ಥ. ಅದು ಹುಟ್ಟಿದ ಜಾಗದ ವಿಳಾಸ ಅದರೊಳಗೆ ಬರೆದಿರುವುದರಿಂದ ಬೇರೆಡೆ ನಡೆಯದು. ‘ಪಿಪ್ ಫ್ರೀಜ್’ ಆಜ್ಞೆಯಿಂದ ಪ್ಯಾಕೇಜುಗಳ ಹೆಸರು, ಆವೃತ್ತಿಗಳ ಪಟ್ಟಿಯನ್ನು ಕಡತವಾಗಿ ಉಳಿಸಿ ಕೊಡಿ. ಅವನು ತನ್ನಲ್ಲಿ ಹೊಸ ಕಪಾಟು ಕಟ್ಟಿಕೊಳ್ಳಲಿ.

ಇಂಟರ್‌ನೆಟ್ ಸಿಗದ ಮನೆಗೂ ದಾರಿಯುಂಟು. ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋದಾಗ ‘ಪಿಪ್ ಡೌನ್‌ಲೋಡ್’ ಆಜ್ಞೆಯಿಂದ ಪಟ್ಟಿಯಲ್ಲಿರುವುದನ್ನೆಲ್ಲ ಪೆನ್‌ಡ್ರೈವ್‌ಗೆ ತುಂಬಿಕೊಂಡು, ಊರಿಗೆ ಬಂದು ಅದರಿಂದಲೇ ಸ್ಥಾಪಿಸಬಹುದು. ಎರಡೂ ಗಣಕಗಳಲ್ಲಿ ಕಾರ್ಯವ್ಯವಸ್ಥೆಯೂ ಪೈಥಾನ್ ಆವೃತ್ತಿಯೂ ಒಂದೇ ಆಗಿರಬೇಕು, ಅಷ್ಟೇ.

ಕಪಾಟು ಕೆಟ್ಟರೆ ಅಂಜಬೇಡಿ. ಅಳಿಸಿ, ಪಟ್ಟಿ ನೋಡಿ ಮತ್ತೆ ಕಟ್ಟಿರಿ. ನೀವು ಬರೆದ ಪ್ರೋಗ್ರಾಮನ್ನು ಮಾತ್ರ ಎಂದೂ ಅದರೊಳಗೆ ಇಡಬೇಡಿ, ಅದರ ಪಕ್ಕದಲ್ಲಿಡಿ.